ಡ್ರಿಪ್ ಪೈಪಿನಲ್ಲಿ ಜಾರುಬಂಡೆಯ ಲೆಕ್ಕ

ಕೋಲಾರದ ಕಡೆ ಬೆಳೆದವರಿಗೆ ಜಾರುಬಂಡೆ ಅಂದರೆ ಪಾರ್ಕಿನ ಆಟಿಕೆ ಅಲ್ಲ, ನಿಜವಾದ ಬಂಡೆಯೇ. ಊರ ಹಿಂದಿನ ಗುಂಡನೆಯ ಕಲ್ಲು, ಕೂತು ಜಾರಲು ಒಂದು ತೆಂಗಿನ ಮಟ್ಟೆ, ಸಂಜೆಗೆ ಹರಿದ ಚಡ್ಡಿ, ಮನೆಯಲ್ಲಿ ಬೈಗುಳ. ನೆತ್ತಿಯ ಹತ್ತಿರ ಎಷ್ಟು ತಳ್ಳಿದರೂ ಮಟ್ಟೆ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಹೊರಟಿತೋ, ನಿಲ್ಲಿಸುವವರಿರಲಿಲ್ಲ. ಕೆಳಕ್ಕೆ ಹೋದಂತೆ ಇಳಿಜಾರು ಹೆಚ್ಚುತ್ತದೆ, ಸರಿ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ.

ಮೊದಲು ಕಾಗದದ ಮೇಲೆ

ಒಂದು ಬಾಗಿದ ಗೆರೆ ಎಳೆಯಿರಿ. ಅದರ ಮೇಲೆ ಒಂದು ಚುಕ್ಕೆ ಇಡಿ. ಈಗ ಕೇಳಬೇಕಾದ್ದು ಒಂದೇ: ಈ ಚುಕ್ಕೆಯನ್ನು ಯಾವುದು ಎಳೆಯುತ್ತಿದೆ, ಯಾವುದು ತಳ್ಳುತ್ತಿದೆ? ಭೂಮಿ ನೇರ ಕೆಳಕ್ಕೆ ಎಳೆಯುತ್ತದೆ. ಬಂಡೆ ತನ್ನ ಮೈಗೆ ಲಂಬವಾಗಿ ಹೊರಕ್ಕೆ ತಳ್ಳುತ್ತದೆ. ಘರ್ಷಣೆ ಜಾರುವ ದಿಕ್ಕಿಗೆ ಎದುರಾಗಿ ಹಿಡಿಯುತ್ತದೆ. ಮೂರೇ ಬಾಣ, ಮುಗಿಯಿತು. ಹೊರಕ್ಕೆ ಎಸೆಯುವ ಬಲ ಅಂತ ನಾಲ್ಕನೆಯದನ್ನು ಸೇರಿಸಬೇಡಿ. ತಿರುವಿನಲ್ಲಿ ಪಕ್ಕದವರ ಮೇಲೆ ವಾಲುವುದು ಬಸ್ಸಿನೊಳಗೆ ಕೂತವರ ಅನುಭವ. ರಸ್ತೆ ಬದಿ ನಿಂತು ನೋಡುವವರ ಲೆಕ್ಕದಲ್ಲಿ ಆ ಬಲ ಬರುವುದೇ ಇಲ್ಲ.

ಸಾಮಾನ್ಯವಾಗಿ ಎಡವುವುದು ಎರಡನೆಯ ಬಾಣದಲ್ಲಿ. ಬಂಡೆ ತಳ್ಳುವುದು ವಸ್ತುವಿನ ಭಾರದಷ್ಟೇ ಎಂದು ಬರೆದುಬಿಡುತ್ತೇವೆ. ಸಮತಟ್ಟಾದ ನೆಲದ ಮೇಲೆ ಅದು ಸರಿ. ಬಾಗಿದ ದಾರಿಯಲ್ಲಿ ಈ ಬಾಣದ ಉದ್ದವನ್ನು ಕೊನೆಗೆ ಕಂಡುಹಿಡಿಯಬೇಕು. ಯಾಕೆಂದರೆ ವಸ್ತುವನ್ನು ಬಾಗಿಸಿ ತಿರುಗಿಸಲು ಬಾಗಿನ ಕೇಂದ್ರದ ಕಡೆಗೆ ಒಂದು ನಿವ್ವಳ ಬಲ ಬೇಕು. ಅದು ದ್ರವ್ಯರಾಶಿ ಗುಣಿಸು ವೇಗದ ವರ್ಗ, ಭಾಗಿಸು ತ್ರಿಜ್ಯ. ಬಾಣಲೆಯಂಥ ತಗ್ಗಿನಲ್ಲಿ ಕೇಂದ್ರ ಮೇಲಿದೆ. ಹಾಗಾಗಿ ತಳದಲ್ಲಿ ಬಾಣಲೆ ಭಾರವನ್ನೂ ಹೊರಬೇಕು, ತಿರುಗಿಸಲೂ ಬೇಕು. ಅರ್ಧಗೋಳದ ನುಣುಪಾದ ಬಾಣಲೆಯ ಅಂಚಿನಿಂದ ಏನನ್ನಾದರೂ ಜಾರಬಿಟ್ಟರೆ ತಳದಲ್ಲಿ ತಳ್ಳು ಭಾರದ ಸರಿಯಾಗಿ 3 ಪಟ್ಟು. ಒಗ್ಗರಣೆಯ ಬಾಣಲೆಯಾದರೂ ಅಷ್ಟೇ, ಮದುವೆ ಮನೆಯದಾದರೂ ಅಷ್ಟೇ! ತ್ರಿಜ್ಯ ಲೆಕ್ಕದಲ್ಲಿ ಹೊಡೆದುಹೋಗುತ್ತದೆ.

ಉಬ್ಬಿದ ಬಂಡೆಯ ಮೇಲೆ ಇದೇ ತಿರುವುಮುರುವು. ಕೇಂದ್ರ ಬಂಡೆಯೊಳಗಿದೆ. ತಿರುಗಿಸುವ ಕೆಲಸಕ್ಕೆ ಭಾರದ ಒಂದು ಪಾಲು ಖರ್ಚಾಗುತ್ತದೆ, ಬಂಡೆ ಅಷ್ಟು ಕಡಿಮೆ ತಳ್ಳುತ್ತದೆ. ತಳ್ಳು ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ನಮ್ಮ ತೆಂಗಿನ ಮಟ್ಟೆ ವೇಗ ಹಿಡಿದಷ್ಟೂ ಅದನ್ನು ಹಿಡಿಯುವ ಕೈ ಸಡಿಲವಾಗುತ್ತಿತ್ತು. ಬಂಡೆ ತಳ್ಳಬಲ್ಲದು, ಎಳೆಯಲಾರದು. ತಳ್ಳು ಸೊನ್ನೆಯಾದ ಜಾಗದಲ್ಲಿ ವಸ್ತು ಬಂಡೆಯನ್ನೇ ಬಿಟ್ಟು ಗಾಳಿಗೆ ಹೋಗುತ್ತದೆ. ನುಣುಪಾದ ಗೋಳದ ನೆತ್ತಿಯಿಂದ ಹೊರಟರೆ, ತ್ರಿಜ್ಯದ ಮೂರನೇ ಒಂದರಷ್ಟು ಕೆಳಗಿಳಿದ ಕೂಡಲೇ.

ಈಗ ಪೈಪು

ಇದನ್ನು ಬಂಡೆಯ ಮೇಲೆ ಪರೀಕ್ಷಿಸುವುದು ಬೇಡ. 16 ಮಿ.ಮೀ. ಡ್ರಿಪ್ ಲ್ಯಾಟರಲ್ ಪೈಪು, ಅಂದರೆ ಹನಿ ನೀರಾವರಿಯಲ್ಲಿ ಗಿಡಗಳ ಸಾಲಿನ ಗುಂಟ ಹಾಸುವ ಸಣ್ಣ ಪೈಪು, ಎರಡೂವರೆ ಮೀಟರ್ ತನ್ನಿ. ತೋಟದ ಮೂಲೆಯಲ್ಲಿ ಹಳೆಯದು ಬಿದ್ದೇ ಇರುತ್ತದೆ. ಸೈಕಲ್ ಶಾಪಿನಿಂದ 6 ಮಿ.ಮೀ. ಬೇರಿಂಗ್ ಗುಂಡು. ಪೈಪು ಸಾದಾ ಇರಲಿ. ಒಳಗೇ ಡ್ರಿಪ್ಪರ್ ಕೂರಿಸಿದ್ದನ್ನು ತಂದು, ಗುಂಡು ಮಧ್ಯದಲ್ಲಿ ಸಿಕ್ಕಿಕೊಂಡು, ಇಡೀ ಭಾನುವಾರ ಲೆಕ್ಕದಲ್ಲೇ ತಪ್ಪು ಹುಡುಕಿದವನು ನಾನು.

ಪೈಪನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ಕಟರ್ ಹಿಡಿಯುವುದು ದೊಡ್ಡವರ ಕೆಲಸ. ದಪ್ಪ ರಟ್ಟಿನ ಮೇಲೆ 30 ಸೆಂ.ಮೀ. ವ್ಯಾಸದ ವೃತ್ತ ಬರೆದು, ಒಂದು ಹೋಳನ್ನು ಅದರ ಗುಂಟ ಸುತ್ತಿಸಿ, ಅಲ್ಲಲ್ಲಿ ತೂತು ಮಾಡಿ ದಾರದಿಂದ ಕಟ್ಟಿ. ತೆರೆದ ಬದಿ ವೃತ್ತದ ಒಳಕ್ಕೆ ಮುಖ ಮಾಡಿರಬೇಕು. ಒಳಬರುವ ತುದಿ, ಹೊರಹೋಗುವ ತುದಿ ಒಂದಕ್ಕೊಂದು ತಗಲದಂತೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಉಳಿದ ಉದ್ದವನ್ನು ಸ್ಟೂಲಿಗೆ ಒರಗಿಸಿದರೆ ಇಳಿಜಾರು ಸಿದ್ಧ. ಎತ್ತರವನ್ನು ವೃತ್ತದ ತಳದಿಂದ ಅಳೆಯಿರಿ.

10 ಸೆಂ.ಮೀ. ಎತ್ತರದಿಂದ ಬಿಡಿ. ಗುಂಡು ಸ್ವಲ್ಪ ಏರಿ ಸುಮ್ನೆ ವಾಪಸ್ ಬರುತ್ತದೆ. ತ್ರಿಜ್ಯಕ್ಕಿಂತ, ಅಂದರೆ 15 ಸೆಂ.ಮೀ.ಗಿಂತ ಕೆಳಗೆ ಎಲ್ಲಿಂದ ಬಿಟ್ಟರೂ ಹೀಗೇ. ಇನ್ನು 30ರಿಂದ ಬಿಡಿ. ವೃತ್ತದ ನೆತ್ತಿಯೂ 30, ಸುತ್ತಲೇಬೇಕು ಅಲ್ವಾ? ಸುತ್ತುವುದಿಲ್ಲ. ಮಧ್ಯದಲ್ಲೇ ಪೈಪು ಬಿಟ್ಟು ಕೆಳಕ್ಕೆ ಬೀಳುತ್ತದೆ. ನೆತ್ತಿಗೆ ಹೋದರೆ ಸಾಲದು, ಅಲ್ಲಿ ವೇಗವೂ ಉಳಿದಿರಬೇಕು. ಎಷ್ಟು ಉಳಿಯಬೇಕೆಂದರೆ, ಗುಂಡನ್ನು ತಿರುಗಿಸಲು ಅದರ ಭಾರವೊಂದೇ ಸಾಕಾಗುವಷ್ಟು. ಘರ್ಷಣೆ ಇಲ್ಲದೆ ಜಾರುವ ವಸ್ತುವಿಗೆ ಅದು ತ್ರಿಜ್ಯದ 2.5 ಪಟ್ಟು ಎತ್ತರ, 37.5 ಸೆಂ.ಮೀ. ನಮ್ಮ ಗುಂಡು ಉರುಳುತ್ತದೆ, ಸ್ವಲ್ಪ ಶಕ್ತಿ ಸುತ್ತುವುದಕ್ಕೇ ಹೋಗುತ್ತದೆ. ಹಾಗಾಗಿ ಸುಮಾರು 2.7 ಪಟ್ಟು. ಪೈಪಿನ ಒರಟುತನಕ್ಕೆಂದು ಇನ್ನೂ ಒಂದು ಗೇಣು ಜಾಸ್ತಿ ಇಡಿ. ಗುಂಡು ಸಣ್ಣದೋ ದೊಡ್ಡದೋ ಎಂಬುದು ಇಲ್ಲಿ ಮುಖ್ಯವಲ್ಲ, ಭಾರವೂ ಲೆಕ್ಕದಲ್ಲಿ ಹೊಡೆದುಹೋಗಿದೆ.

ಇದೇ 2.5 ಪಟ್ಟು ಎತ್ತರದಿಂದ ಬಂದ ವಸ್ತುವಿನ ಮೇಲೆ ವೃತ್ತದ ತಳದಲ್ಲಿ ತಳ್ಳು ಭಾರದ 6 ಪಟ್ಟು. ಗುಂಡಿಗೆ ಏನೂ ಆಗದು, ಮನುಷ್ಯರ ಕತ್ತಿಗೆ ಆಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಶುರುವಾದ ರೋಲರ್ ಕೋಸ್ಟರಿನ ಸುತ್ತು ಅದಕ್ಕೇ ನೀರಿನ ಹನಿಯ ಆಕಾರದಲ್ಲಿದೆ. ತಳದಲ್ಲಿ ಬಾಗು ಸಡಿಲ, ನೆತ್ತಿಯಲ್ಲಿ ಬಿಗಿ.

ಕೊನೆಗೊಂದು ಪ್ರಯೋಗ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ಸೀಳದೆ ಹಾಗೇ ಸುತ್ತಿ, ಒಳಗೆ ಗುಂಡು ಬಿಡಿ. ಈಗ ಒಳಬದಿಯ ಗೋಡೆಯೂ ಗುಂಡನ್ನು ಕೆಳಗಿನಿಂದ ತಡೆದು ಹಿಡಿಯುತ್ತದೆ, ಬೀಳಲು ಬಿಡುವುದಿಲ್ಲ. ನೆತ್ತಿಯಲ್ಲಿ ವೇಗ ಉಳಿಯಬೇಕಾದ ಅಗತ್ಯವೇ ಇಲ್ಲ. ಗುಂಡಿಗೆ ಸುಮಾರು 2.7 ಪಟ್ಟು ಇದ್ದದ್ದು 2 ಪಟ್ಟಿಗೆ ಇಳಿಯಬೇಕು. ನಿಮ್ಮ ಟ್ಯೂಬಿನಲ್ಲಿ ಎಷ್ಟಕ್ಕೆ ಇಳಿಯಿತು ಅಳೆದು ನೋಡಿ.