ಕಲ್ಲಿದ್ದಲು ಸಾಗಿದ ದಾರಿಯಲ್ಲೇ ರೂರ್ ಸುತ್ತಾಟ

ಜರ್ಮನಿಯ ರೂರ್ ಪ್ರದೇಶವೆಂದರೆ ಒಂದೇ ಊರಲ್ಲ. ಎಸ್ಸೆನ್, ಡ್ಯೂಸ್‌ಬುರ್ಗ್, ಓಬರ್‌ಹೌಸನ್, ಬೋಖುಮ್, ಡಾರ್ಟ್ಮುಂಡ್ ಹೀಗೆ ಒಂದಕ್ಕೊಂದು ಅಂಟಿಕೊಂಡ ಊರುಗಳ ಸಾಲು ಅದು. ಇಲ್ಲಿನ ಕೊನೆಯ ಕಲ್ಲಿದ್ದಲು ಗಣಿ, ಬೊಟ್ರೋಪ್‌ನ ಪ್ರೋಸ್ಪರ್ ಹಾನಿಯೆಲ್, 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ನೋಡಬೇಕಾದ ಹಳೆಯ ಗಣಿ, ಕಾರ್ಖಾನೆಗಳ ಪಟ್ಟಿ ದೊಡ್ಡದಿದೆ. ಆ ಪಟ್ಟಿ ಹಿಡಿದು ಓಡಿದರೆ ಎರಡನೇ ದಿನಕ್ಕೇ ತುಕ್ಕು ಹಿಡಿದ ಕಬ್ಬಿಣವೆಲ್ಲ ಒಂದೇ ಥರ ಕಾಣತೊಡಗುತ್ತದೆ. ಅದಕ್ಕೇ ನಾನು ಹಿಡಿದದ್ದು ಕಲ್ಲಿದ್ದಲಿನ ದಾರಿ. ಅದು ಮೇಲೆ ಬಂದ ಗಣಿ, ತೊಳೆದ ಕಟ್ಟಡ, ಬೆಂದ ಕೋಕ್ ಒಲೆ, ಉರಿದ ಊದುಕುಲುಮೆ (ಗಾಳಿ ಊದಿ ಅದಿರಿನಿಂದ ಕಬ್ಬಿಣ ಕರಗಿಸುವ ಕುಲುಮೆ), ಕೊನೆಗೆ ಉಳಿದ ಕಿಟ್ಟದ ಗುಡ್ಡ. ಇದಕ್ಕೆ ಎರಡು ಪೂರ್ತಿ ದಿನ ಬೇಕು, ಒಂದೂವರೆ ಸಾಲದು.

ಉಳಿಯಲು ಎಸ್ಸೆನ್ ಮುಖ್ಯ ನಿಲ್ದಾಣದ ಆಸುಪಾಸು ಅನುಕೂಲ. ಸೋಮವಾರ ಬೇಡ. ಬೋಖುಮ್‌ನ ಗಣಿ ಮ್ಯೂಸಿಯಂ, ಓಬರ್‌ಹೌಸನ್‌ನ ಗ್ಯಾಸೋಮೀಟರ್ (ಈಗ ಪ್ರದರ್ಶನ ನಡೆಯುವ ಹಳೆಯ ಅನಿಲ ತೊಟ್ಟಿ), ಎಸ್ಸೆನ್‌ನ ಹಳೆಯ ಗಣಿ ತ್ಸೋಲ್‌ಫೆರೈನ್‌ನ ಆವರಣದ ರೆಡ್ ಡಾಟ್ ವಿನ್ಯಾಸ ಮ್ಯೂಸಿಯಂ ಅವತ್ತು ಮುಚ್ಚಿರುತ್ತವೆ. ಅದೇ ಆವರಣದ ರೂರ್ ಮ್ಯೂಸಿಯಂ ಮಾತ್ರ ಸೋಮವಾರವೂ ತೆರೆದಿರುತ್ತದೆ. ಭಾನುವಾರ ಅಂಗಡಿಗಳಿಗೆ ಬಾಗಿಲು. ನೀರು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಬೇಕು. ಮರೆತರೆ ಬೀದಿ ಮೂಲೆಯ ‘ಟ್ರಿಂಕ್‌ಹಾಲೆ’ ಗೂಡಂಗಡಿಯೇ ಗತಿ. ಕಾರ್ಮಿಕರಿಗೆ ಶುದ್ಧ ಕುಡಿಯುವ ನೀರು ಸಿಗಲೆಂದು ಹುಟ್ಟಿಕೊಂಡ ಅಂಗಡಿಗಳಿವು, ಹಾಗಾಗಿ ಅಲ್ಲಿ ನಿಂತು ಒಂದು ಬಾಟಲಿ ನೀರು ಕುಡಿಯುವುದೂ ಈ ಸುತ್ತಾಟದ ಭಾಗವೇ. ಪ್ಲಾಸ್ಟಿಕ್ ಬಾಟಲಿಯ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಖಾಲಿ ಬಾಟಲಿ ಎಸೆಯಬೇಡಿ.

ಓಡಾಟಕ್ಕೆ ಟ್ರಾಮ್ ಮತ್ತು ಪ್ರಾದೇಶಿಕ ರೈಲು ಸಾಕು. ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಎರಡೂ ನಡೆಯುತ್ತವೆ, ಐಸಿಇ, ಐಸಿ ಎಂಬ ದೂರದೂರಿನ ವೇಗದ ರೈಲುಗಳಿಗೆ ಮಾತ್ರ ಅದು ಸಲ್ಲದು. ಅದು ತಿಂಗಳ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಎರಡೇ ದಿನಕ್ಕಾದರೆ ದಿನದ ಟಿಕೆಟ್ ಮೇಲು. ಕಾಗದದ ಟಿಕೆಟ್ಟಿನ ಮೇಲೆ ದಿನಾಂಕ, ಸಮಯ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಮುದ್ರೆ ಯಂತ್ರಕ್ಕೆ ತೂರಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ, ದಂಡ 60 ಯೂರೋ.

ಮೊದಲ ದಿನ ತ್ಸೋಲ್‌ಫೆರೈನ್. ಎಸ್ಸೆನ್ ಮುಖ್ಯ ನಿಲ್ದಾಣದ ನೆಲಮಾಳಿಗೆಯಿಂದ ಗೆಲ್ಸೆನ್‌ಕಿರ್ಶೆನ್ ಕಡೆಗೆ ಹೋಗುವ 107ನೇ ಟ್ರಾಮ್ ಹಿಡಿದು ‘ತ್ಸೋಲ್‌ಫೆರೈನ್’ ನಿಲುಗಡೆಯಲ್ಲಿ ಇಳಿಯುವುದು. ಇಳಿದೊಡನೆ ಕಾಣುವುದು 55 ಮೀಟರ್ ಎತ್ತರದ ಶಾಫ್ಟ್ ಗೋಪುರ, ಅಂದರೆ ಗಣಿಯ ಬಾವಿಯಿಂದ ಕಲ್ಲಿದ್ದಲು ಎತ್ತುತ್ತಿದ್ದ ಗೋಪುರ. 1847ರಲ್ಲಿ ಶುರುವಾದ ಗಣಿಗೆ 1932ರಲ್ಲಿ ಸೇರಿದ 12ನೇ ಶಾಫ್ಟ್ ಇದು. ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮ್ಮರ್ ಎಂಬ ವಾಸ್ತುಶಿಲ್ಪಿಗಳ ಕೆಲಸ. ದಿನಕ್ಕೆ 12,000 ಟನ್ ಎತ್ತುವ ಸಾಮರ್ಥ್ಯಕ್ಕೆ ಕಟ್ಟಿದ್ದು. 1986ರಲ್ಲಿ ಗಣಿ ನಿಂತಿತು, 2001ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಅನೇಕರು ನಿರಾಶರಾಗುವುದು ಇಲ್ಲೇ. ತ್ಸೋಲ್‌ಫೆರೈನ್‌ನಲ್ಲಿ ಪ್ರವಾಸಿಗರು ನೆಲದಡಿ ಇಳಿಯುವುದಿಲ್ಲ. ನೋಡುವುದೆಲ್ಲ ನೆಲದ ಮೇಲಿನದು. ಸುರಂಗದ ಅನುಭವ ಬೇಕಿದ್ದರೆ ಬೋಖುಮ್‌ನ ಗಣಿ ಮ್ಯೂಸಿಯಂಗೆ ಹೋಗಿ. ಅಲ್ಲಿಯದೂ ಕಲ್ಲಿದ್ದಲು ತೆಗೆದ ಗಣಿಯಲ್ಲ, ತೋರಿಸಲೆಂದೇ ತೋಡಿದ್ದು. ಆದರೂ ಯಂತ್ರಗಳ ಗಾತ್ರ, ಸುರಂಗದ ಇಕ್ಕಟ್ಟು ಮೈಗೆ ತಟ್ಟುತ್ತದೆ.

ರೂರ್ ಮ್ಯೂಸಿಯಂ ಇರುವುದು ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದೊಳಗೆ. ಕಿತ್ತಳೆ ಬಣ್ಣದ ಉದ್ದನೆಯ ಎಸ್ಕಲೇಟರ್ ನೇರ 24 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ 17, 12, 6 ಮೀಟರ್ ಮಟ್ಟಗಳಿಗೆ ಇಳಿಯುತ್ತ ನೋಡಬೇಕು. ಕಲ್ಲಿದ್ದಲನ್ನೂ ಹೀಗೇ ಮೇಲಕ್ಕೆ ಏರಿಸಿ, ಅಲ್ಲಿಂದ ಹಂತ ಹಂತವಾಗಿ ಕೆಳಗೆ ಬಿಡುತ್ತಿದ್ದರು. ನೀರಿನಲ್ಲಿ ಕುಲುಕಿದಾಗ ಭಾರದ ಕಲ್ಲು ತಳ ಸೇರುತ್ತದೆ, ಹಗುರದ ಕಲ್ಲಿದ್ದಲು ಮೇಲೆ ಉಳಿಯುತ್ತದೆ. ಆ ಯಂತ್ರಗಳಲ್ಲಿ ಕೆಲವು ಇನ್ನೂ ಜಾಗ ಬಿಟ್ಟು ಕದಲಿಲ್ಲ. ಅವುಗಳ ನಡುವೆ ಪೂರಾ ಓಡಾಡಲು ಮಾರ್ಗದರ್ಶಿ ಜೊತೆಗಿರಬೇಕು. ಜರ್ಮನ್ ಭಾಷೆಯ ಸುತ್ತುಗಳು ಹೆಚ್ಚು, ಇಂಗ್ಲಿಷಿನವು ಕಡಿಮೆ. ಮೊದಲೇ ಕಾಯ್ದಿರಿಸದೆ ಹೋದರೆ ಹೊರಗಿನಿಂದಷ್ಟೇ ನೋಡಿ ಬರಬೇಕಾದೀತು. ಮ್ಯೂಸಿಯಂಗೆ ಮೂರು ಗಂಟೆ ಇಟ್ಟುಕೊಳ್ಳಿ.

ಮಧ್ಯಾಹ್ನ ಕೋಕ್ ಕಾರ್ಖಾನೆಯತ್ತ ಕಾಲ್ನಡಿಗೆ. 1961ರಿಂದ 1993ರವರೆಗೆ ನಡೆದ 304 ಒಲೆಗಳ ಸಾಲು ಅದು. ಕಲ್ಲಿದ್ದಲನ್ನು ಗಾಳಿ ತಾಗದಂತೆ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದರೆ ಅದರೊಳಗಿನ ಅನಿಲ, ಡಾಂಬರು ಹೊರಬಂದು ಗಟ್ಟಿ ಕೋಕ್ ಉಳಿಯುತ್ತದೆ. ಹಸಿ ಕಲ್ಲಿದ್ದಲು ಕುಲುಮೆಯೊಳಗೆ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಬಿಡುತ್ತದೆ, ಕೋಕ್ ತಡೆದುಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಮರುದಿನ ನೋಡುವ ಕುಲುಮೆ ಅರ್ಥವಾಗುತ್ತದೆ. ಒಲೆಗಳ ಪಕ್ಕದ ಉದ್ದ ನೀರಿನ ಕೊಳ ಚಳಿಗಾಲದಲ್ಲಿ ಹಿಮಜಾರಾಟದ ಅಂಕಣವಾಗುತ್ತದೆ. ಸಂಜೆ ಬಿಸಿಲು ಒಲೆಗಳ ಮೇಲೆ ಬೀಳುವ ಹೊತ್ತಿಗೆ ಇಲ್ಲಿರಿ. ಇಡೀ ಆವರಣದಲ್ಲಿ ನನಗೆ ಅತಿ ಇಷ್ಟದ ಜಾಗ ಇದು.

ಎರಡನೇ ದಿನ ಡ್ಯೂಸ್‌ಬುರ್ಗ್. ಮುಖ್ಯ ನಿಲ್ದಾಣದಿಂದ ಉತ್ತರಕ್ಕೆ ಹೋಗುವ 903ನೇ ಟ್ರಾಮ್, ‘ಲಾಂಡ್‌ಶಾಫ್ಟ್ಸ್‌ಪಾರ್ಕ್ ನೋರ್ಡ್’ ನಿಲುಗಡೆ, ಅಲ್ಲಿಂದ ಸ್ವಲ್ಪ ನಡಿಗೆ. 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಉದ್ಯಾನ ಮಾಡಿದವರು ಭೂದೃಶ್ಯ ವಾಸ್ತುಶಿಲ್ಪಿ ಪೀಟರ್ ಲಾಟ್ಸ್. ಪ್ರವೇಶ ಉಚಿತ. 5ನೇ ಊದುಕುಲುಮೆಯನ್ನು ಸುಮಾರು 70 ಮೀಟರ್‌ವರೆಗೆ ಹತ್ತಬಹುದು. ಮೆಟ್ಟಿಲುಗಳಿಗೆ ಹಾಸಿರುವುದು ಕಬ್ಬಿಣದ ಜಾಲರಿ, ಕೆಳಗಿನ ನೆಲ ಕಾಲಡಿಯಲ್ಲೇ ಕಾಣುತ್ತದೆ. ಎತ್ತರದ ಭಯವಿದ್ದವರು ಅರ್ಧ ದಾರಿಯಲ್ಲಿ ನಿಂತುಬಿಡುವುದು ಇದಕ್ಕೇ. ಮೂರು ಉಪಾಯ: ದಪ್ಪ ಅಟ್ಟೆಯ ಶೂ, ಮೊಬೈಲ್ ಜೇಬಿನ ಒಳಗೆ, ಕಣ್ಣು ಮುಂದಿನ ಮೆಟ್ಟಿಲಿನ ಮೇಲೆ. ಮಳೆ ಬಿದ್ದಾಗ ಜಾಲರಿ ಜಾರುತ್ತದೆ, ಬಿರುಗಾಳಿಯಿದ್ದರೆ ಹತ್ತಲೇಬೇಡಿ.

ಹತ್ತುವ ಮುನ್ನ ಕೆಳಗೆ ಹತ್ತು ನಿಮಿಷ ನಿಂತು ಕುಲುಮೆಯನ್ನು ಓದಿ. ಓರೆಯಾಗಿ ಮೇಲೇರುವ ಹಳಿಯಲ್ಲಿ ಅದಿರು, ಕೋಕ್, ಸುಣ್ಣದ ಕಲ್ಲು ನೆತ್ತಿಗೆ ಹೋಗುತ್ತಿದ್ದವು. ಪಕ್ಕದ ಗುಮ್ಮಟದ ಕಂಬಗಳಲ್ಲಿ ಕಾಯಿಸಿದ ಗಾಳಿ ಬುಡದಿಂದ ನುಗ್ಗುತ್ತಿತ್ತು. ಕರಗಿದ ಕಬ್ಬಿಣ ತಳದ ತೂತಿನಿಂದ ಹೊರಬಂದು ಮರಳಿನ ಕಾಲುವೆಗಳಲ್ಲಿ ಹರಿಯುತ್ತಿತ್ತು, ತೇಲುವ ಕಿಟ್ಟವನ್ನು ಬೇರೆ ಕಾಲುವೆಗೆ ತಿರುಗಿಸುತ್ತಿದ್ದರು. ಅನಿಲ ತುಂಬಿಡುತ್ತಿದ್ದ ತೊಟ್ಟಿಯಲ್ಲಿ ಈಗ ನೀರು ತುಂಬಿದೆ, ಡೈವಿಂಗ್ ಕಲಿಸುತ್ತಾರೆ. ಅದಿರಿನ ಕಣಜಗಳ ಗೋಡೆ ಹತ್ತಲು ಪರ್ವತಾರೋಹಿಗಳು ಬರುತ್ತಾರೆ. ಈ ನೆಲದಲ್ಲಿ ಹಳೆಯ ಕಾರ್ಖಾನೆಯ ವಿಷ ಉಳಿದಿದೆ. ದಾರಿ ಬಿಟ್ಟು ಇಳಿಯಬೇಡಿ, ಹಣ್ಣು ಕಂಡರೂ ಕೀಳಬೇಡಿ.

ಮಧ್ಯಾಹ್ನದ ನಂತರ ಅದೇ 903ರಲ್ಲಿ ದಕ್ಷಿಣದ ತುದಿಯ ಕಡೆಗೆ ಹೋಗಿ ‘ಟೈಗರ್ ಆ್ಯಂಡ್ ಟರ್ಟಲ್’ನಲ್ಲಿ ಇಳಿಯಿರಿ. ಸತುವಿನ ಕಾರ್ಖಾನೆಯ ಕಿಟ್ಟ ಸುರಿದ ಗುಡ್ಡದ ಮೇಲೆ 2011ರಲ್ಲಿ ನಿಲ್ಲಿಸಿದ, ರೋಲರ್ ಕೋಸ್ಟರ್ ಆಕಾರದ ಮೆಟ್ಟಿಲು ಶಿಲ್ಪ ಅದು. ತಲೆಕೆಳಗಾಗುವ ಸುರುಳಿಯನ್ನು ಬಿಟ್ಟು ಉಳಿದದ್ದನ್ನು ನಡೆದು ಹತ್ತಬಹುದು. ಮೇಲಿನಿಂದ ರೈನ್ ನದಿ ಮತ್ತು ಇನ್ನೂ ಹೊಗೆಯಾಡುವ ಉಕ್ಕಿನ ಕಾರ್ಖಾನೆಗಳು ಒಟ್ಟಿಗೆ ಕಾಣುತ್ತವೆ.

ವಾರಾಂತ್ಯವಾದರೆ ಕತ್ತಲಾದ ಮೇಲೆ ಉದ್ಯಾನಕ್ಕೆ ಮರಳಿ ಬನ್ನಿ. ಜೋನಾಥನ್ ಪಾರ್ಕ್ ಎಂಬ ಬ್ರಿಟಿಷ್ ಬೆಳಕಿನ ಕಲಾವಿದ ರೂಪಿಸಿದ ದೀಪಗಳಲ್ಲಿ ಕುಲುಮೆಗಳು ಕೆಂಪು, ಹಸಿರು, ನೀಲಿಯಾಗುತ್ತವೆ. ಜೂನ್, ಜುಲೈಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಎಸ್ಸೆನ್‌ಗೆ ಮರಳುವ ರೈಲಿನ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ದೀಪ ನೋಡಲೆಂದೇ ಹೋಗುವುದಾದರೆ ಸೆಪ್ಟೆಂಬರ್ ವಾಸಿ, ಎಂಟೂವರೆಗೆಲ್ಲ ಕತ್ತಲಾಗಿರುತ್ತದೆ.