ರಕ್ತದಲ್ಲಿ ಮೊಂಡು ಸೋಂಕು: ಮುಂಬಯಿಯಲ್ಲಿ ಮಗುವಿನ ಹಾಸಿಗೆ ಪಕ್ಕ ಇರುವವರಿಗೆ

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಮಕ್ಕಳನ್ನು ಪರೇಲಿನ ಟಾಟಾ, ವಾಡಿಯಾ, ಕೆಇಎಂ ಆಸ್ಪತ್ರೆಗಳಿಗೆ ಕರೆತರುವವರು ಬಹಳ. ಐಸಿಯು, ಕೀಮೋ, ಸೆಂಟ್ರಲ್ ಲೈನ್ ಎಂದು ವಾರಗಟ್ಟಲೆ ಅಲ್ಲೇ ಇರುವ ಮಗುವಿಗೆ ಮತ್ತೆ ಜ್ವರ ಏರಿ, ‘ರಕ್ತದಲ್ಲಿ ಇನ್‌ಫೆಕ್ಷನ್ ಇದೆ, ರೆಸಿಸ್ಟೆಂಟ್ ಬ್ಯಾಕ್ಟೀರಿಯಾ’ ಎಂದು ಡಾಕ್ಟರು ಹೇಳಿದರೆ ಹೆತ್ತವರ ಕೈಕಾಲೇ ಆಡುವುದಿಲ್ಲ. ಔಷಧಿ ಆರಿಸುವುದು ವೈದ್ಯರ ಕೆಲಸ. ಆದರೆ ಕಲ್ಚರ್ (ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮತ್ತು ಲೈನ್ (ಔಷಧಿ ಕೊಡಲು ದೊಡ್ಡ ರಕ್ತನಾಳದೊಳಗೆ ಇಟ್ಟಿರುವ ಕೊಳವೆ, ಅಂದರೆ ಸೆಂಟ್ರಲ್ ಲೈನ್), ಈ ಎರಡರ ಮೇಲೆ ಮನೆಯವರ ಕಣ್ಣಿದ್ದರೆ ಮಗುವಿಗೆ ನಿಜವಾಗಿಯೂ ಅನುಕೂಲ.

ಊರಿನ ಕಾಗದ ಮೊದಲ ದಿನವೇ ಕೊಡಿ

ಊರಿನ ಆಸ್ಪತ್ರೆಯಲ್ಲಿ ಯಾವ ಇಂಜೆಕ್ಷನ್ ಎಷ್ಟು ದಿನ ಕೊಟ್ಟರು, ಕಲ್ಚರ್‌ನಲ್ಲಿ ಏನಾದರೂ ಬೆಳೆದಿತ್ತೇ ಎಂಬುದನ್ನು ಅಡ್ಮಿಷನ್ ದಿನವೇ ತೋರಿಸಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿಲ್ಲದಿದ್ದರೆ ಅಲ್ಲಿಗೆ ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಳ್ಳಿ. ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳು ಕಾಯಿಲೆ ವಾಸಿಯಾದ ಮೇಲೂ ಮಗುವಿನ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಕಲ್ಚರ್ ರಿಪೋರ್ಟ್ ಬರುವವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧಿ ಶುರುಮಾಡಬೇಕು. ಆ ಅಂದಾಜು ಸರಿಯಾಗಲು ಈ ಹಳೆಯ ಕಾಗದದಷ್ಟು ನೆರವಾಗುವುದು ಬೇರೆ ಇಲ್ಲ.

ಕಲ್ಚರ್‌ಗೆ ರಕ್ತ ತೆಗೆಯುವಾಗ

ಹೊಸ ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆಯಬೇಕು. ಔಷಧಿ ರಕ್ತಕ್ಕೆ ಸೇರಿದ ಮೇಲೆ ತೆಗೆದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ‘ನೋ ಗ್ರೋತ್’ ಎಂದು ರಿಪೋರ್ಟ್ ಬರುತ್ತದೆ, ಜ್ವರ ಹಾಗೇ ಇರುತ್ತದೆ. ಹಾಗೆಂದು ಕಲ್ಚರ್‌ಗಾಗಿ ಔಷಧಿ ತಡೆಹಿಡಿಯಲೂ ಆಗದು: ಮಗು ಶಾಕ್‌ನಲ್ಲಿದ್ದರೆ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) 1 ಗಂಟೆಯೊಳಗೆ, ಶಾಕ್ ಇಲ್ಲದ ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) 3 ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕೆಂದು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

‘ಇಷ್ಟು ಪುಟ್ಟ ಮಗುವಿನಿಂದ ಇಷ್ಟೊಂದು ರಕ್ತವೇ’ ಎಂದು ತಡೆಯಬೇಡಿ. 10 ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 750ರಿಂದ 800 ಮಿ.ಲೀ. ರಕ್ತವಿರುತ್ತದೆ, ಕಲ್ಚರ್‌ಗೆ 4 ಮಿ.ಲೀ. ತೆಗೆದರೆ ಅದು ಶೇ. ಅರ್ಧದಷ್ಟು. ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಕೆಲವೊಮ್ಮೆ ತೀರಾ ವಿರಳವಾಗಿರುತ್ತವೆ. ಅರ್ಧ ಮಿ.ಲೀ. ಹಾಕಿ ಕಳಿಸಿದರೆ ಅವು ಸಿಗದೇ ಹೋಗುವ ಸಾಧ್ಯತೆ ಹೆಚ್ಚು.

ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್‌ನಿಂದ 30 ಸೆಕೆಂಡು ಉಜ್ಜಿ, ತಾನಾಗಿಯೇ ಒಣಗಲು ಬಿಟ್ಟು, ಆಮೇಲೆ ಚುಚ್ಚುತ್ತಾರೆ. ಒಣಗುತ್ತಿರುವಾಗ ಮಗು ಕೈ ಎಳೆಯದಂತೆ ಹಿಡಿಯುವುದು ನಿಮ್ಮ ಪಾಲಿನ ಕೆಲಸ. ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ಮುಟ್ಟಿದರೆ ಚರ್ಮದ ಮೇಲಿನ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಬಾಟಲಿ ಸೇರಿ, ಇಲ್ಲದ ಸೋಂಕಿಗೆ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಶುರುವಾಗಬಹುದು.

ಸೆಂಟ್ರಲ್ ಲೈನ್ ಇರುವ ಮಗುವಿಗೆ ಲೈನ್‌ನಿಂದ ಒಂದು, ಕೈಯಿಂದ ಒಂದು ಸ್ಯಾಂಪಲ್ ತೆಗೆಯುತ್ತಾರೆ. ಲೈನ್‌ನ ಬಾಟಲಿ ಕೈಯ ಬಾಟಲಿಗಿಂತ 2 ಗಂಟೆ ಅಥವಾ ಇನ್ನೂ ಮುಂಚೆ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನ್ ಎಂಬ ಅನುಮಾನ ಬಲವಾಗುತ್ತದೆ. ಸ್ಟೆಫೈಲೋಕಾಕಸ್ ಆರಿಯಸ್, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದರೆ ಸಾಮಾನ್ಯವಾಗಿ ಲೈನ್ ತೆಗೆಯಬೇಕಾಗುತ್ತದೆ. ‘ಮತ್ತೆ ಚುಚ್ಚುತ್ತಾರಲ್ಲ’ ಎಂಬ ಸಂಕಟ ಅರ್ಥವಾಗುವಂಥದ್ದೇ, ಆದರೆ ಕೊಳೆತ ಲೈನ್ ಒಳಗಿಟ್ಟು ಎಷ್ಟು ದುಬಾರಿ ಔಷಧಿ ಕೊಟ್ಟರೂ ಜ್ವರ ಮರಳುತ್ತದೆ.

ರಿಪೋರ್ಟ್ ಓದುವುದು

ಬಾಟಲಿಗಳನ್ನು ಮಷೀನಿನಲ್ಲಿ 5 ದಿನ ಇಡುತ್ತಾರೆ. ನಿಜವಾದ ಸೋಂಕಾದರೆ ಬಹುಪಾಲು ಮೊದಲ 48 ಗಂಟೆಯಲ್ಲೇ ಬೆಳೆಯುತ್ತದೆ. ಮೊದಲು ‘ಗ್ರಾಂ ನೆಗೆಟಿವ್’ ಅಥವಾ ‘ಗ್ರಾಂ ಪಾಸಿಟಿವ್’ (ಬ್ಯಾಕ್ಟೀರಿಯಾದ ಎರಡು ದೊಡ್ಡ ಗುಂಪುಗಳು) ಎಂಬಷ್ಟೇ ಸುದ್ದಿ ಲ್ಯಾಬಿನಿಂದ ಬರುತ್ತದೆ. ಬ್ಯಾಕ್ಟೀರಿಯಾದ ಹೆಸರು, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿ (ಸೆನ್ಸಿಟಿವಿಟಿ) ಬರಲು ಇನ್ನೂ ಒಂದೆರಡು ದಿನ. ಹಾಗಾಗಿ ಮೂರನೇ ದಿನದ ರೌಂಡ್ಸ್‌ನಲ್ಲಿ ಕೇಳಿ: ‘ಸೆನ್ಸಿಟಿವಿಟಿ ಬಂತೇ? ಈಗಿನ ಔಷಧಿ ಬದಲಿಸಬೇಕೇ? ಯಾವುದನ್ನಾದರೂ ನಿಲ್ಲಿಸಬಹುದೇ?’ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಬೇಡದ ಔಷಧಿ ಮುಂದುವರಿದಷ್ಟೂ ಮುಂದಿನ ಸೋಂಕು ಇನ್ನೂ ಮೊಂಡಾಗುತ್ತದೆ.

ಆ ಪಟ್ಟಿಯಲ್ಲಿ ಎಸ್ ಎಂದರೆ ಔಷಧಿ ನಾಟುತ್ತದೆ, ಆರ್ ಎಂದರೆ ನಾಟುವುದಿಲ್ಲ. ಪಕ್ಕದ ಎಂಐಸಿ ಅಂಕಿಯನ್ನು (ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ) ಒಂದು ಔಷಧಿಯಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಪ್ರತಿ ಔಷಧಿಗೂ ಅಳತೆಗೋಲು ಬೇರೆ, ಅಂಕಿ ಚಿಕ್ಕದಿದೆ ಎಂದ ಮಾತ್ರಕ್ಕೆ ಅದೇ ಒಳ್ಳೆಯದಲ್ಲ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಎದುರು ‘ಐ’ (ಎಸ್, ಆರ್‌ಗಳ ನಡುವಿನ ವರ್ಗ) ಎಂದಿದ್ದರೆ ಗಾಬರಿ ಬೇಡ: ಅನೇಕ ಲ್ಯಾಬುಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ ಕೊಲಿಸ್ಟಿನ್‌ಗೆ ‘ಎಸ್’ ಎಂಬ ವರ್ಗವೇ ಇಲ್ಲ.

ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಎದುರು ‘ಆರ್’ ಇದ್ದರೆ ಬ್ಯಾಕ್ಟೀರಿಯಾದಲ್ಲಿ ಔಷಧಿಯನ್ನು ಒಡೆಯುವ ಯಾವ ಕಿಣ್ವ ಇದೆ ಎಂದು ಪರೀಕ್ಷಿಸಿದ್ದಾರೆಯೇ ಎಂದು ವಿಚಾರಿಸಿ. ಎನ್‌ಡಿಎಂ ಎಂಬ ಕಿಣ್ವ ಇದ್ದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಎಂಬ ಔಷಧಿ ಒಂದೇ ಸಾಲದು, ಜೊತೆಗೆ ಅಜ್ಟ್ರಿಯೊನಾಮ್ ಬೇಕಾಗುತ್ತದೆ. ಒಎಕ್ಸ್‌ಎ-48 ಎಂಬ ಕಿಣ್ವ ಮಾತ್ರ ಇದ್ದರೆ ಮೊದಲನೆಯದೊಂದೇ ಸಾಕಾಗಬಹುದು. ಹೊರಗಿನ ಮೆಡಿಕಲ್‌ನಿಂದ ಸಾವಿರಾರು ರೂಪಾಯಿ ಕೊಟ್ಟು ತರುವವರಿಗೆ ಇದು ದೊಡ್ಡ ವ್ಯತ್ಯಾಸ. ಕೊಲಿಸ್ಟಿನ್ ತರುವಾಗ ವಯಲ್ ಮೇಲೆ 10 ಲಕ್ಷ ಯೂನಿಟ್ ಎಂದಿದೆಯೋ 20 ಲಕ್ಷವೋ ಎಂದು ಚೀಟಿಯೊಂದಿಗೆ ತಾಳೆ ನೋಡಿ. ಇದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಔಷಧಿ, ಆದ್ದರಿಂದ ಮಗು ಎಷ್ಟು ಮೂತ್ರ ಮಾಡಿತು ಎಂಬ ಲೆಕ್ಕವನ್ನು ತಪ್ಪದೇ ಬರೆದಿಡಿ.

ಲೈನ್

ಸೆಂಟ್ರಲ್ ಲೈನ್‌ನ ತುದಿಯಲ್ಲಿ, ಸಿರಿಂಜ್ ತಾಗಿಸುವ ಭಾಗಕ್ಕೆ ಹಬ್ ಎನ್ನುತ್ತಾರೆ. ಆಸ್ಪತ್ರೆಯ ಸೋಂಕು ರಕ್ತಕ್ಕೆ ಇಳಿಯುವ ಮುಖ್ಯ ದಾರಿಗಳಲ್ಲಿ ಇದೊಂದು. ಪ್ರತಿ ಸಲ ಸಿರಿಂಜ್ ತಾಗಿಸುವ ಮುಂಚೆ ಆಲ್ಕೋಹಾಲ್ ಸ್ವ್ಯಾಬ್‌ನಿಂದ ಅದನ್ನು ತಿರುಚಿ ತಿರುಚಿ ಸುಮಾರು 15 ಸೆಕೆಂಡು ಉಜ್ಜಬೇಕು, ಒಣಗಲು ಬಿಡಬೇಕು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಹಲವು ಹಾಸಿಗೆಗಳಿರುವಾಗ ಈ 15 ಸೆಕೆಂಡು ತಪ್ಪುವುದುಂಟು. ‘ಸಿಸ್ಟರ್, ಹಬ್ ಏಕ್ ಬಾರ್ ಸ್ಪಿರಿಟ್ ಸೇ ಪೋಂಛ್ ದೀಜಿಯೇ’ (ಹಬ್ ಒಮ್ಮೆ ಸ್ಪಿರಿಟ್‌ನಿಂದ ಒರೆಸಿ) ಎಂದು ಮೆಲ್ಲನೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೂ ಹೇಳಿ.

ಪಾರದರ್ಶಕ ಡ್ರೆಸ್ಸಿಂಗ್ ಸಾಮಾನ್ಯವಾಗಿ 7 ದಿನಕ್ಕೊಮ್ಮೆ, ಗಾಜ್ ಡ್ರೆಸ್ಸಿಂಗ್ 2 ದಿನಕ್ಕೊಮ್ಮೆ ಬದಲಾಗಬೇಕು. ಆದರೆ ಅಂಚು ಎದ್ದರೆ, ಒದ್ದೆಯಾದರೆ, ರಕ್ತ ಕಂಡರೆ ದಿನ ಎಣಿಸಬೇಡಿ, ಆಗಲೇ ಹೇಳಿ. ಮುಂಬಯಿ ಮಳೆಗಾಲದ ಸೆಕೆಗೆ ಮೂರನೇ ದಿನಕ್ಕೇ ಅಂಟು ಬಿಡುವುದು ಮಾಮೂಲು. ಕಿತ್ತ ಅಂಚಿನ ಮೇಲೆ ಇನ್ನೊಂದು ಟೇಪ್ ಅಂಟಿಸುವುದು ಪರಿಹಾರವಲ್ಲ. ಒಳಗೆ ತೇವ ನಿಂತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸ್ನಾನದಲ್ಲಿ ನಲ್ಲಿ ನೀರು ಹಬ್‌ಗೆ ತಾಗಬಾರದು, ಹಾಲಿನ ಬಾಟಲಿ, ಚಮಚಗಳನ್ನು ವಾರ್ಡಿನ ಸಿಂಕ್ ಕಟ್ಟೆಯ ಮೇಲೆ ಒಣಗಲು ಇಡಬಾರದು. ಸಿಂಕಿನ ಕೊಳವೆಯೊಳಗೆ ಸ್ಯೂಡೊಮೊನಾಸ್ ಗೂಡುಕಟ್ಟಿರಬಹುದು.

ಡೈಪರ್ ಬದಲಿಸಿದ ಮೇಲೆ ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು ಕೈ ತೊಳೆಯಿರಿ. ಮಿಕ್ಕ ಸಮಯದಲ್ಲಿ ಹ್ಯಾಂಡ್‌ರಬ್ 20ರಿಂದ 30 ಸೆಕೆಂಡು ಸಾಕು. ಪಕ್ಕದ ಹಾಸಿಗೆಯ ಮಗುವನ್ನು ಎತ್ತಿ ಆಡಿಸಬೇಡಿ, ಎಷ್ಟೇ ಅಳುತ್ತಿದ್ದರೂ ಸಿಸ್ಟರ್‌ರನ್ನು ಕರೆಯಿರಿ.

ಲೈನ್ ಫ್ಲಶ್ ಮಾಡಿದ (ಸಿರಿಂಜ್‌ನಿಂದ ದ್ರವ ಹಾಯಿಸಿ ತೊಳೆದ) ಗಂಟೆಯೊಳಗೆ ಚಳಿ ಬಂದು ಮಗು ನಡುಗಿದರೆ ‘ಲೈನ್ ಫ್ಲಶ್ ಮಾಡಿದ ಮೇಲೆ ಹೀಗಾಯಿತು’ ಎಂದು ಸ್ಪಷ್ಟವಾಗಿ ತಿಳಿಸಿ; ಲೈನ್‌ನಲ್ಲೇ ಸೋಂಕಿದೆ ಎಂಬುದಕ್ಕೆ ಅದು ದೊಡ್ಡ ಸುಳಿವು. ಕೈಕಾಲು ತಣ್ಣಗಾಗುವುದು, ಮಂಪರು, 6 ಗಂಟೆ ಡೈಪರ್ ಒಣಗಿರುವುದು, ಇವು ಕಂಡರೆ ರೌಂಡ್ಸ್‌ವರೆಗೆ ಕಾಯಬೇಡಿ, ಆಗಲೇ ಹೇಳಿ.

ಲೈನ್ ಇಟ್ಟುಕೊಂಡು ರೂಮಿಗೆ ಹೋಗುವವರು

ಕೀಮೋ ನಡೆಯುತ್ತಿರುವ ಮಗುವಿನ ಜ್ವರ ಒಮ್ಮೆ 101 ಡಿಗ್ರಿ ಮುಟ್ಟಿದರೂ, 100.4 ಡಿಗ್ರಿ ಒಂದು ಗಂಟೆ ನಿಂತರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಜ್ವರ ಅಳೆಯುವ ಮುಂಚೆ ಪ್ಯಾರಸಿಟಮಾಲ್ ಬೇಡ, ಗುದದಲ್ಲಿ ಥರ್ಮಾಮೀಟರ್ ಬೇಡ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಸಿರಪ್ ಕುಡಿಸಬೇಡಿ. ಡೊಂಬಿವಲಿಯಲ್ಲೋ ಖಾರಘರ್‌ನಲ್ಲೋ ರೂಮು ಮಾಡಿದ್ದರೆ, ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ಕ್ಯಾಶುವಾಲ್ಟಿಗೆ ಹೋಗಬೇಕೆಂದು ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ, ಅದರ ಹೆಸರು, ವಾರ್ಡಿನ ಫೋನ್ ನಂಬರು, ಆಂಬುಲೆನ್ಸಿನ 108, ಹಿಂದೆ ಬೆಳೆದ ಬ್ಯಾಕ್ಟೀರಿಯಾದ ಹೆಸರು, ಅದಕ್ಕೆ ನಾಟಿದ ಔಷಧಿ ಇಷ್ಟನ್ನೂ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.