ಕತ್ತಿನ ಪಕ್ಕದ ಪುಟ್ಟ ಅಕ್ಷರಗಳು

ನಮ್ಮ ಓದುಗರ ಬಳಗದ ಮಾಸಿಕಕ್ಕೆ ನಾನು ಕಾಮಿಕ್ಸ್ ವಿಮರ್ಶೆ ಬರೆಯುತ್ತೇನೆ. ಒಮ್ಮೆ 'ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್'ನ 121ನೇ ಸಂಚಿಕೆ ಎತ್ತಿಕೊಂಡೆ. 1973ರ ಜೂನ್ ಸಂಚಿಕೆ. ಕಥೆ ಜೆರ್ರಿ ಕಾನ್ವೇ ಅವರದು, ಪೆನ್ಸಿಲ್ ಚಿತ್ರಗಳು ಗಿಲ್ ಕೇನ್ ಅವರವು. ಸ್ಪೈಡರ್-ಮ್ಯಾನ್ ವೇಷದ ಹಿಂದಿರುವ ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವುದು ಇದರಲ್ಲೇ. ಕಥೆಯ ಹೆಸರಿನಲ್ಲೇ ಅವಳ ಸಾವಿದೆ, ಅದಕ್ಕೇ ಆ ಹೆಸರನ್ನು ಕೊನೆಯ ಪುಟದವರೆಗೆ ಮುಚ್ಚಿಟ್ಟಿದ್ದಾರೆ. ನಾನು ಮನಸಾರೆ ಹೊಗಳಿದೆ. "ಖಳನಾಯಕ ಗ್ರೀನ್ ಗಾಬ್ಲಿನ್ ಸೇತುವೆಯಿಂದ ಕೆಡವಿದ, ಬೀಳುತ್ತಿರುವಾಗಲೇ ಗ್ವೆನ್ ಸತ್ತಳು, ಸ್ಪೈಡರ್-ಮ್ಯಾನ್‌ನ ಬಲೆ ತಡವಾಗಿ ತಲುಪಿತು" ಎಂದೂ ಬರೆದೆ.

ಹದಿನೈದು ದಿನಕ್ಕೆ ನಿವೃತ್ತ ಭೌತಶಾಸ್ತ್ರ ಮೇಷ್ಟ್ರೊಬ್ಬರ ಪತ್ರ ಬಂತು. "ಬೀಳುವಾಗಲೇ ಸತ್ತಳು ಅಂತ ಹೇಳಿದ್ದು ಯಾರು? ಗಾಬ್ಲಿನ್. ಕೊಲೆಗಾರನ ಮಾತನ್ನೇ ಸಾಕ್ಷಿ ಅಂತ ಹಿಡಿದುಬಿಟ್ರಲ್ಲ! ಬಲೆ ಕಾಲಿಗೆ ಹತ್ತಿದ ಚಿತ್ರ ಇನ್ನೊಮ್ಮೆ ನೋಡಿ. ಕತ್ತಿನ ಹತ್ತಿರ ನೋಡಿ."

ಸಿಟ್ಟು ಬಂತು. ಉತ್ತರ ಬರೆಯಲು ಕೂತು ನಾಲ್ಕು ಸಾಲು ಗೀಚಿದ ಮೇಲೆಯೇ ಸಂಚಿಕೆ ತೆರೆದೆ.

ಹಸಿರು ಕೋಟಿನ ಗ್ವೆನ್ ತಲೆಕೆಳಗಾಗಿದ್ದಾಳೆ. ಕಾಲಿಗೆ ಬಲೆಯ ಎಳೆ, ಹಿಂದಕ್ಕೆ ಜೋತ ತಲೆ, ಕತ್ತಿನ ಪಕ್ಕದಲ್ಲಿ 'ಸ್ನ್ಯಾಪ್', ಲಟಕ್ಕನೆ ಮುರಿದ ಸದ್ದು. ಒಂದು ಗುದ್ದು ಬಿದ್ದರೂ ಸದ್ದಿನ ಅಕ್ಷರಗಳು ದೊಡ್ಡದಾಗಿ ಮೆರೆಯುವ ಕಾಮಿಕ್ಸ್‌ನಲ್ಲಿ ಇದನ್ನು ಇಷ್ಟು ಪುಟ್ಟದಾಗಿ ಬರೆದಿದ್ದಾರೆ. ಅದಾದ ಮೇಲೂ ಸ್ಪೈಡರ್-ಮ್ಯಾನ್ ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತಾ ಎಳೆಯನ್ನು ಮೇಲೆತ್ತುತ್ತಾನೆ. ಆ ಮಾತುಗಳ ಹಿಂದೆ ಓಡಿದ ನಾನು ಸದ್ದನ್ನು ದಾಟಿ ಹೋಗಿದ್ದೆ.

ಮೇಷ್ಟ್ರ ಲೆಕ್ಕ ಸರಿಯಾಗಿತ್ತು. ಜೋರಾಗಿ ಬೀಳುವ ದೇಹ ಎಷ್ಟು ಕಡಿಮೆ ಹೊತ್ತಿನಲ್ಲಿ ನಿಲ್ಲುತ್ತದೋ ಅದರ ಮೇಲೆ ಬೀಳುವ ಬಲ ಅಷ್ಟು ಹೆಚ್ಚು. ಕಾರಿನ ಏರ್‌ಬ್ಯಾಗ್ ಜೀವ ಉಳಿಸುವುದೂ ಆ ನಿಲ್ಲುವ ಹೊತ್ತನ್ನು ಹಿಗ್ಗಿಸಿ. ಮಿನೆಸೋಟಾ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜೇಮ್ಸ್ ಕಕಾಲಿಯೋಸ್ ಇದೇ ದೃಶ್ಯ ಇಟ್ಟುಕೊಂಡು ಈ ಪಾಠ ಹೇಳುತ್ತಾರೆ. ಬಲೆ ತಟ್ಟನೆ ತಡೆದ ಜಗ್ಗಿನಿಂದಲೇ ಅವಳು ಸತ್ತಳೆಂದು ಪ್ರಕಾಶಕರಾದ ಮಾರ್ವೆಲ್‌ನವರೇ 125ನೇ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ ಒಪ್ಪಿಕೊಂಡಿದ್ದಾರೆ.

ಗೀಚಿದ್ದನ್ನು ಹರಿದೆ. "ನಾನು ತಪ್ಪಾಗಿ ಓದಿದ್ದೆ, ನೀವು ಹೇಳಿದ್ದೇ ಸರಿ" ಎಂಬುದೇ ಹೊಸ ಉತ್ತರದ ಮೊದಲ ಸಾಲು. ಆದರೆ ಒಂದು ಮಾತು ಬಿಟ್ಟುಕೊಡಲಿಲ್ಲ. ಕತ್ತು ಮುರಿದದ್ದು ಬಲೆಯಿಂದ, ನಿಜ. ಕೊಂದವನು ಮಾತ್ರ ಗಾಬ್ಲಿನ್. ಬಲೆ ಎಸೆಯದಿದ್ದರೂ ಅವಳು ಉಳಿಯುತ್ತಿರಲಿಲ್ಲ. ಸೇತುವೆಯ ವಿಷಯವನ್ನೂ ಸೇರಿಸಿದೆ: ಮಾತಿನಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ ಎಂದಿದೆ, ಚಿತ್ರ ಬ್ರೂಕ್ಲಿನ್ ಸೇತುವೆಯನ್ನು ಹೋಲುತ್ತದೆ. ಇದನ್ನೂ ನಾನು ಮೊದಲು ಗಮನಿಸಿರಲಿಲ್ಲ.

ಎರಡನೆಯ ಪತ್ರ ಕಾಲೇಜು ಹುಡುಗಿಯೊಬ್ಬಳದು. "ಸರ್, ಸ್ಪೈಡರ್-ಮ್ಯಾನ್‌ನ ದುಃಖಕ್ಕೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಸತ್ತವಳ ಬಗ್ಗೆ ಏನು ಬರೆದಿದ್ದೀರಿ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಊಟವಾದ ಮೇಲೆ ಬಿಳಿ ಹಾಳೆಯ ಪಟ್ಟಿ ಕತ್ತರಿಸಿ, ಬೇರೆಯವರ ಮಾತಿನ ಗುಳ್ಳೆಗಳನ್ನೆಲ್ಲ ಮುಚ್ಚುತ್ತಾ, ಗ್ವೆನ್ ಒಬ್ಬಳನ್ನೇ ಹಿಂಬಾಲಿಸಿ ಪುಟ ತಿರುವಿದೆ. ಕಾಯಿಲೆ ಬಿದ್ದ ಗೆಳೆಯ ಹ್ಯಾರಿಯ ಮನೆಯಲ್ಲಿ ಇದ್ದಾಳೆ. ಆಮೇಲೆ ಪೀಟರ್‌ನ ಮನೆಯಲ್ಲಿ ಅವಳ ಕೈಚೀಲ ಮಾತ್ರ, ಜೊತೆಗೆ ಗಾಬ್ಲಿನ್‌ನ ಗುರುತಾದ ಕುಂಬಳಕಾಯಿ. ಸೇತುವೆಯ ಮೇಲೆ ಅವಳ ಕಣ್ಣು ಮುಚ್ಚಿವೆ, ಒಂದು ಮಾತೂ ಇಲ್ಲ. 1965ರ ಡಿಸೆಂಬರ್‌ನ 31ನೇ ಸಂಚಿಕೆಯಿಂದ ಓದುಗರ ಜೊತೆಗಿದ್ದ, ವಿಜ್ಞಾನ ಓದುತ್ತಿದ್ದ ಹುಡುಗಿ. ತನ್ನ ಸಾವಿನ ಸಂಚಿಕೆಯಲ್ಲಿ ಅವಳಿಗೆ ಹೆದರುವುದಕ್ಕೂ ಅವಕಾಶವಿಲ್ಲ. ಈ ಸಂಚಿಕೆ ಇಂದಿಗೂ ನನಗೆ ಬಲು ಇಷ್ಟ. ಅದರ ದೊಡ್ಡ ಕೊರತೆಯೂ ಇದೇ. ಆ ಹುಡುಗಿಗೆ ಹಾಗೆಯೇ ಬರೆದೆ, ಸಮರ್ಥನೆಗೆ ಹೋಗಲಿಲ್ಲ.

ಮುಂದಿನ ತಿಂಗಳು 122ನೇ ಸಂಚಿಕೆಯ ಸರದಿ. ಅದೇ ಹಾಳೆಪಟ್ಟಿ ಹಿಡಿದು ಕೂತೆ. ಕೊನೆಯ ಪುಟದಲ್ಲಿ ದುಃಖದಲ್ಲಿರುವ ಪೀಟರ್ ಸ್ನೇಹಿತೆ ಮೇರಿ ಜೇನ್‌ಗೆ ಕಟುವಾಗಿ ಮಾತಾಡುತ್ತಾನೆ. ಅವಳು ಬಾಗಿಲವರೆಗೆ ಹೋಗುತ್ತಾಳೆ, ಆಚೆ ಹೋಗದೆ ಒಳಗಿನಿಂದಲೇ ಅದನ್ನು ಮುಚ್ಚುತ್ತಾಳೆ. ಅಲ್ಲೂ ಒಂದು ಪುಟ್ಟ ಸದ್ದು: 'ಕ್ಲಿಕ್'. ಆ ತಿಂಗಳ ವಿಮರ್ಶೆಯನ್ನು ಅಲ್ಲಿಂದಲೇ ಶುರುಮಾಡಿದೆ.